ಮನೆಗೊಂದು ಕಂಪ್ಯೂಟರ್: ಯಾರ ಕೋಣೆಯಲ್ಲಿ ಇಡುತ್ತೀರಿ?



“ಕಂಪ್ಯೂಟರ್ ನಮಗೆಲ್ಲಿ ಬರುತ್ತೆ, ಅದು ಓದಿರೋ ಮಕ್ಕಳಿಗೆ” ಎಂದು ಸೂಲಿಬೆಲೆ ಹೋಬಳಿಯ ಸಂಘಗಳಲ್ಲಿ ಎಷ್ಟೋ ಜನ ಹೇಳುವುದನ್ನು ಕೇಳಿದ್ದೇನೆ. ಹಾಗೆ ಹೇಳುವವರೇ ದಿನಕ್ಕೆ ಎರಡು ಸಲ ಕಂಪ್ಯೂಟರ್ ಮುಂದೆ ನಿಂತು ಬರುತ್ತಾರೆ. ಡೇರಿಯಲ್ಲಿ ನಿಮ್ಮ ಹಾಲು ತೂಗಿ, ಫ್ಯಾಟು, ಎಸ್‌ಎನ್‌ಎಫ್ ನೋಡಿ, ದರ ಕಟ್ಟಿ ಚೀಟಿ ಕೊಡುವುದು ಅದೇ. ಫ್ಯಾಟು ಎರಡು ಪಾಯಿಂಟು ಇಳಿದಿದ್ದರೆ ಅಲ್ಲೇ ನಿಂತು ಕಾರ್ಯದರ್ಶಿಯನ್ನು ಕೇಳುತ್ತೀರಿ. ಅಂದರೆ ಅದು ಹೇಳುವುದನ್ನು ಓದಲು ನಿಮಗೆ ಚೆನ್ನಾಗಿಯೇ ಬರುತ್ತದೆ.

2020ರಲ್ಲಿ ಶಾಲೆಗಳು ಮುಚ್ಚಿ, ಇಡೀ ಮನೆಗೆ ಇದ್ದ ಒಂದು ಮೊಬೈಲಿನಲ್ಲಿ ಎರಡು ಮೂರು ಮಕ್ಕಳು ಪಾಠ ಕೇಳಿದ ದಿನಗಳು ನಿಮಗೆ ನೆನಪಿರಬೇಕು. ಆಮೇಲೆ ನಮ್ಮ ಕಡೆ ಬಹಳ ಮನೆಗಳಲ್ಲಿ ಕಂಪ್ಯೂಟರ್ ಕೊಳ್ಳುವ ಮಾತು ಶುರುವಾಯಿತು. ಕೊಂಡವರೂ ಇದ್ದಾರೆ. ದುಡ್ಡು ಎಲ್ಲಿಂದ ಬಂತು ಎಂದು ಕೇಳಿದರೆ ಬಹಳ ಕಡೆ ಒಂದೇ ಉತ್ತರ, ಹಾಲಿನ ಬಟವಾಡೆಯಿಂದ. ಕಂಪ್ಯೂಟರ್ ಎಲ್ಲಿದೆ ಎಂದು ಕೇಳಿದರೂ ಒಂದೇ ಉತ್ತರ, ಮಗನ ಕೋಣೆಯಲ್ಲಿ. ನಮ್ಮ ಮನೆಯಲ್ಲೂ ಹಾಗೇ ಆಗಿತ್ತು. ಎರಡು ಸೀಮೆಹಸು ಕರೆದು ಕೂಡಿಟ್ಟ ದುಡ್ಡಿನಲ್ಲಿ ತಂದ ಪೆಟ್ಟಿಗೆಯ ಹತ್ತಿರ ನಾನು ಹೋಗುತ್ತಿದ್ದುದು ಕಸ ಗುಡಿಸುವಾಗ ಮಾತ್ರ. ಎರಡನೆಯದನ್ನು ತಂದಾಗ ಬೇರೆ ರೀತಿ ಮಾಡಿದೆವು. ಮೊದಲನೆಯದು ಕೆಟ್ಟ ಕಥೆ ಮುಂದೆ ಬರುತ್ತದೆ.

ಮೊದಲು, ಲ್ಯಾಪ್‌ಟಾಪ್ ಯಾಕಲ್ಲ ಎಂಬ ಮಾತು. ಹೊಸಕೋಟೆಗೋ ಬೆಂಗಳೂರಿಗೋ ಓದಲು ಹೋಗುವ ಮಗನಿಗೆ, ಮಗಳಿಗೆ ಲ್ಯಾಪ್‌ಟಾಪೇ ಬೇಕಾಗಬಹುದು, ಅದು ಬೇರೆ ವಿಚಾರ. ಆದರೆ ಲ್ಯಾಪ್‌ಟಾಪು ಎತ್ತಿಕೊಂಡು ಹೋದವರದು, ಮೊಬೈಲು ಜೇಬಿನಲ್ಲಿ ಇಟ್ಟುಕೊಂಡವರದು. ಮೇಜಿನ ಮೇಲಿನ ಕಂಪ್ಯೂಟರ್ ಇಟ್ಟ ಕಡೆಯೇ ಇರುತ್ತದೆ, ಬಂದವರೆಲ್ಲ ಕೂತು ಏಳಬಹುದು. ಪರದೆ ದೊಡ್ಡದು, ಅಕ್ಷರ ದೊಡ್ಡದು ಮಾಡಿಕೊಳ್ಳಬಹುದು, ತಾಯಿ ಮಗಳು ಪಕ್ಕಪಕ್ಕ ಕೂತು ನೋಡಬಹುದು. ಕೀಬೋರ್ಡ್ ಕೆಟ್ಟರೆ ಕೀಬೋರ್ಡ್ ಒಂದೇ ಬದಲಾಯಿಸಿದರೆ ಸಾಕು, ಮೌಸ್ ಕೆಟ್ಟರೆ ಮೌಸ್ ಒಂದೇ. ಲ್ಯಾಪ್‌ಟಾಪಿನ ಮೇಲೆ ಕಾಫಿ ಚೆಲ್ಲಿದರೆ ರಿಪೇರಿಯವನು ಹೇಳುವ ಬೆಲೆ ಕೇಳಿ ಎದೆ ಹಿಡಿದುಕೊಳ್ಳಬೇಕು.

ಕೊಳ್ಳುವಾಗ ಅಂಗಡಿಯವನು ಹತ್ತು ಹೆಸರು ಹೇಳುತ್ತಾನೆ. ಮನೆ ಬಳಕೆಗೆ ನೀವು ಎರಡನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಒಂದು, ರ‍್ಯಾಮ್ 8 ಜಿಬಿ ಇರಲಿ. ರ‍್ಯಾಮ್ ಅಂದರೆ ಕೆಲಸ ಹರಡಿಕೊಂಡು ಕೂರುವ ಜಗುಲಿ, ಚಿಕ್ಕದಾದರೆ ಒಂದನ್ನು ಎತ್ತಿಟ್ಟು ಇನ್ನೊಂದನ್ನು ತೆಗೆಯಬೇಕು, ಕಂಪ್ಯೂಟರ್ ತೆವಳುತ್ತದೆ. ಎರಡು, ಒಳಗಿನ ಸಂಗ್ರಹ ಎಸ್‌ಎಸ್‌ಡಿ ಆಗಿರಲಿ, 256 ಜಿಬಿಗೆ ಕಡಿಮೆ ಬೇಡ. ಇದು ಕಾಳು ತುಂಬಿಡುವ ಕಣಜ ಇದ್ದಹಾಗೆ. ಹಳೇ ಕಾಲದ ಹಾರ್ಡ್ ಡಿಸ್ಕಿನಲ್ಲಿ ತಟ್ಟೆ ತಿರುಗುತ್ತದೆ, ತಡ ಮಾಡುತ್ತದೆ. ಎಸ್‌ಎಸ್‌ಡಿಯಲ್ಲಿ ತಿರುಗುವುದು ಏನೂ ಇಲ್ಲ, ಗುಂಡಿ ಒತ್ತಿದ ಸ್ವಲ್ಪ ಹೊತ್ತಿಗೇ ಪರದೆ ಸಿದ್ಧ. ಆಟಕ್ಕೆಂದು ಹಾಕುವ ದುಬಾರಿ ಗ್ರಾಫಿಕ್ಸ್ ಕಾರ್ಡ್ ಬೇಡವೇ ಬೇಡ. “ಓದೋಕೆ ಬೇಕಮ್ಮಾ” ಎಂದು ಮಗ ಹೇಳಿದರೆ ಯಾವ ಓದಿಗೆ ಎಂದು ಅವನ ಮೇಷ್ಟರನ್ನು ಕೇಳಿ.

ಹೊಸದೇ ಬೇಕು ಎಂದಿಲ್ಲ. ಬೆಂಗಳೂರಿನ ಕಂಪನಿಗಳು ಕೆಲವು ವರ್ಷ ಬಳಸಿ ತೆಗೆದುಹಾಕಿದ ಕಂಪ್ಯೂಟರ್‌ಗಳನ್ನು ಒರೆಸಿ, ಪರೀಕ್ಷೆ ಮಾಡಿ ಮತ್ತೆ ಮಾರುವ ಅಂಗಡಿಗಳು ಎಸ್.ಪಿ. ರಸ್ತೆಯಲ್ಲಿ ಸಾಲಾಗಿವೆ. ಹೊಸಕೋಟೆಯಲ್ಲೂ ವಿಚಾರಿಸಿ. ಇದು ಹಸು ಕೊಂಡಹಾಗೆಯೇ. ಎಷ್ಟನೇ ಸೂಲು ಎಂದು ಹಲ್ಲು ಹಿಡಿದು ನೋಡುವ ಹಾಗೆ, ಕಂಪ್ಯೂಟರ್ ಎಷ್ಟನೇ ತಲೆಮಾರಿನದು ಎಂದು ನೋಡಬೇಕು. ಇಂಟೆಲ್ ಪ್ರೊಸೆಸರ್ ಆದರೆ ಹೆಸರು ‘ಐ5-6500’, ‘ಐ5-8500’ ಹೀಗಿರುತ್ತದೆ. ಅಡ್ಡಗೆರೆ ಆದಮೇಲೆ ನಾಲ್ಕು ಅಂಕಿ ಇದ್ದರೆ ಮೊದಲ ಅಂಕಿಯೇ ತಲೆಮಾರು. 6500 ಆರನೆಯದು, 8500 ಎಂಟನೆಯದು. 10400 ಎಂದು ಐದು ಅಂಕಿ ಇದ್ದರೆ ಮೊದಲೆರಡನ್ನು ಓದಿ, ಹತ್ತನೆಯದು. ಎಂಟಕ್ಕಿಂತ ಕೆಳಗಿನದನ್ನು ಕೊಳ್ಳಬೇಡಿ. ಯಾಕೆಂದರೆ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಉಚಿತ ರಕ್ಷಣೆಯ ಅಪ್‌ಡೇಟುಗಳನ್ನು ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ನಿಲ್ಲಿಸಿತು. ವಿಂಡೋಸ್ 11 ಇಂಟೆಲಿನಲ್ಲಿ ಎಂಟನೇ ತಲೆಮಾರಿನಿಂದ ಮೇಲಿನವನ್ನೇ ಒಪ್ಪುತ್ತದೆ. ಹಳೆಯದನ್ನು ಅಗ್ಗಕ್ಕೆ ಸಾಗಹಾಕುವ ಅಂಗಡಿಯವರು ಈ ಮಾತು ತಾವಾಗಿ ಎತ್ತುವುದಿಲ್ಲ.

ಇನ್ನೊಂದು, “ವಿಂಡೋಸ್ ನಾವೇ ಹಾಕಿಕೊಡ್ತೀವಿ, ದುಡ್ಡು ಬೇಡ” ಎಂದರೆ ಅದು ಕದ್ದದ್ದು. ನಮ್ಮ ಮೊದಲ ಕಂಪ್ಯೂಟರಿನಲ್ಲಿ ಹಾಗೇ ಹಾಕಿಸಿಕೊಂಡು, ಆರು ತಿಂಗಳಿಗೆ ಪರದೆ ತುಂಬ ಬೇಡದ ಜಾಹೀರಾತು ಕುಣಿಯತೊಡಗಿದವು. ಅಸಲಿ ವಿಂಡೋಸ್ ಇರುವುದನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಅದಕ್ಕೆ ಹಣ ಸಾಲದಿದ್ದರೆ ಲಿನಕ್ಸ್ ಇದೆ. ಉಬುಂಟು, ಲಿನಕ್ಸ್ ಮಿಂಟ್ ಎಂಬ ಹೆಸರಿನವು ಪೂರ್ತಿ ಉಚಿತ, ಕನ್ನಡ ಬರುತ್ತದೆ, ವೈರಸ್ ಕಾಟವೂ ಕಡಿಮೆ. ಒಂದೇ ತೊಡಕು, ಹೇಳಿಕೊಡುವವರು ಊರಲ್ಲಿ ಸಿಗಬೇಕು.

ಬೆಲೆ ಇಲ್ಲಿ ಬರೆಯುವುದಿಲ್ಲ, ಅದು ವಾರವಾರಕ್ಕೂ ಬದಲಾಗುತ್ತದೆ. ಮೂರು ಅಂಗಡಿಯಲ್ಲಿ ಒಂದೇ ಪಟ್ಟಿ ಕೊಟ್ಟು ಬೆಲೆ ಬರೆಸಿಕೊಳ್ಳಿ. 18 ಪರ್ಸೆಂಟ್ ಜಿಎಸ್‌ಟಿ ಉಳಿಯುತ್ತದೆ ಎಂದು ಬಿಲ್ಲಿಲ್ಲದೆ ಕೊಳ್ಳಬೇಡಿ, ಬಿಲ್ಲಿಲ್ಲದಿದ್ದರೆ ವಾರಂಟಿ ಇಲ್ಲ. ಬಿಲ್ಲು ನಿಮ್ಮ ಹೆಸರಿನಲ್ಲಿರಲಿ. ಪ್ರಿಂಟರ್ ಮಾತ್ರ ಈಗಲೇ ಬೇಡ. ತಿಂಗಳಿಗೊಂದು ಹಾಳೆ ತೆಗೆಯುವ ಮನೆಯಲ್ಲಿ ಶಾಯಿ ಒಣಗಿ ಹೋಗುತ್ತದೆ. ಸೂಲಿಬೆಲೆಯ ಜೆರಾಕ್ಸ್ ಅಂಗಡಿಯಲ್ಲಿ ತೆಗೆಸಿದರೆ ಅಗ್ಗ.

ಎಲ್ಲಿ ಇಡುವುದು

ಪಡಸಾಲೆಯಲ್ಲಿ ಇಡಿ. ಓಡಾಡುವವರಿಗೆ ಪರದೆ ಕಾಣುವ ಹಾಗೆ ಮೇಜು ತಿರುಗಿಸಿ. ಮಕ್ಕಳು ಏನು ನೋಡುತ್ತಾರೆ ಎಂಬ ಚಿಂತೆ ಅರ್ಧ ಅಲ್ಲೇ ಕಡಿಮೆಯಾಗುತ್ತದೆ. ಅದಕ್ಕಿಂತ ಮುಖ್ಯ, ಅದು ಯಾರೊಬ್ಬರ ಕೋಣೆಯದೂ ಅಲ್ಲ ಎಂದಾಗುತ್ತದೆ. ಸಂಜೆ ಮಗ ಕಂಪ್ಯೂಟರ್ ಮುಂದೆ, ಮಗಳು ಪಾತ್ರೆಯ ಮುಂದೆ ಎಂಬುದು ನಮ್ಮ ಎಷ್ಟೋ ಮನೆಗಳ ಪದ್ಧತಿ. ಗಂಟೆ ಹಂಚಿ ಗೋಡೆಗೆ ಬರೆದು ಅಂಟಿಸಿ. ನಿಮ್ಮ ಹೊತ್ತನ್ನೂ ಬರೆಯಿರಿ. ಮಧ್ಯಾಹ್ನ ಊಟ ಮುಗಿದ ಮೇಲಿನಿಂದ ಸಂಜೆ ಹಾಲು ಕರೆಯುವವರೆಗೆ ಮಕ್ಕಳು ಶಾಲೆಯಲ್ಲಿರುತ್ತಾರೆ, ಕಂಪ್ಯೂಟರ್ ಸುಮ್ಮನೆ ಕೂತಿರುತ್ತದೆ. ನಿಮಗೆ ಒಂದಿಷ್ಟು ಬಿಡುವು ಸಿಗುವುದೂ ಆಗಲೇ.

ಕೊಟ್ಟಿಗೆಗೆ ಹೊಂದಿದ ಗೋಡೆ ಬೇಡ, ಮೇವಿನ ಧೂಳು ಒಳಗಿನ ಫ್ಯಾನಿಗೆ ಹೋಗಿ ಕೂರುತ್ತದೆ. ಅಡುಗೆಮನೆಯ ಒಗ್ಗರಣೆ ಹೊಗೆಯೂ ಆಗದು. ರೇಷ್ಮೆ ಸಾಕುವವರು ಹುಳುಮನೆಯ ಪಕ್ಕದ ಕೋಣೆಯಲ್ಲಂತೂ ಇಡಬೇಡಿ, ಅಲ್ಲಿನ ತೇವ, ಬ್ಲೀಚಿಂಗ್ ಪುಡಿಯ ಘಾಟು ಎರಡೂ ತಂತಿಯನ್ನು ತಿನ್ನುತ್ತವೆ. ನಾವೆಲ್ಲ ಸಿಪಿಯು ಎಂದು ಕರೆಯುವ ಆ ಡಬ್ಬವನ್ನು ನೆಲದ ಮೇಲೆ ಇಡದೆ ಸಣ್ಣ ಮಣೆಯ ಮೇಲಿಡಿ, ನೆಲ ಒರೆಸುವ ನೀರು ತಾಗಬಾರದು. ಕಸೂತಿ ಬಟ್ಟೆ ಹೊದಿಸುವ ಆಸೆ ಇದ್ದರೆ ಆಫ್ ಆದಮೇಲೆ ಹೊದಿಸಿ. ಓಡುತ್ತಿರುವಾಗ ಹೊದಿಸಿದರೆ ಬಿಸಿ ಹೊರಗೆ ಹೋಗಲು ದಾರಿಯಿರುವುದಿಲ್ಲ.

ಕರೆಂಟಿನ ವಿಷಯಕ್ಕೆ ಸ್ವಲ್ಪ ಹೆಚ್ಚು ಗಮನ ಕೊಡಿ, ನಮ್ಮ ಹಳ್ಳಿಗಳಲ್ಲಿ ಕಂಪ್ಯೂಟರ್ ಸಾಯುವುದು ಬಹುಪಾಲು ಇದರಿಂದಲೇ. ಮೇವು ಕತ್ತರಿಸುವ ಯಂತ್ರ, ಹಾಲು ಕರೆಯುವ ಯಂತ್ರ ಶುರುವಾದಾಗ ಮನೆಯ ದೀಪ ಒಂದು ಕ್ಷಣ ಮಂಕಾಗುವುದನ್ನು ನೋಡಿದ್ದೀರಿ. ಆ ಏಟು ಕಂಪ್ಯೂಟರಿಗೂ ಬೀಳುತ್ತದೆ. ಆದ್ದರಿಂದ ಆ ಮೋಟಾರುಗಳ ಲೈನಿನಿಂದ ಬೇರೆಯಾದ ಲೈನು, ನಡುವೆ ಒಂದು ಯುಪಿಎಸ್ ಇರಲೇಬೇಕು. 600 ವಿಎ ಎಂಬ ಚಿಕ್ಕ ಯುಪಿಎಸ್ ಸಾಕು. ಕರೆಂಟು ಹೋದಮೇಲೆ ಕೆಲವೇ ನಿಮಿಷ ನಿಲ್ಲಿಸುತ್ತದೆ. ಆ ನಿಮಿಷಗಳು ಇರುವುದು ಸಿನಿಮಾ ಮುಗಿಸಲು ಅಲ್ಲ, ಬರೆದದ್ದನ್ನು ಉಳಿಸಿ ಸರಿಯಾಗಿ ಆಫ್ ಮಾಡಲು.

ಆಮೇಲೆ ಅರ್ಥಿಂಗ್. ಸಿಪಿಯು ಡಬ್ಬದ ತಗಡು ಮುಟ್ಟಿದಾಗ ಬೆರಳಿಗೆ ಜುಮ್ ಎಂದರೆ ನಿಮ್ಮ ಮನೆಗೆ ಅರ್ಥಿಂಗ್ ಸರಿಯಿಲ್ಲ ಎಂದು ಅರ್ಥ. ಮೂರು ಕಾಲಿನ ಪ್ಲಗ್ಗಿನ ದಪ್ಪ ಕಾಲನ್ನು ಮುರಿದು ಎರಡು ತೂತಿನ ಸಾಕೆಟ್ಟಿಗೆ ಸಿಕ್ಕಿಸುವುದನ್ನು ಎಷ್ಟೋ ಕಡೆ ಕಂಡಿದ್ದೇನೆ. ಮಕ್ಕಳು ಬರಿಗಾಲಲ್ಲಿ ಕೂರುವ ಜಾಗ ಅದು. ಎಲೆಕ್ಟ್ರಿಷಿಯನ್ ಕರೆಸಿ, ಇದ್ದಿಲು ಉಪ್ಪು ತುಂಬಿ ಕೊಳವೆ ನೆಡುವ ಅರ್ಥಿಂಗ್ ಮಾಡಿಸಿ. ಇದ್ದರೆ ಬೇಸಿಗೆಯಲ್ಲಿ ಆ ಗುಂಡಿಗೆ ಆಗಾಗ ಒಂದು ಬಿಂದಿಗೆ ನೀರು ಹುಯ್ಯಿರಿ, ಮಣ್ಣು ಒಣಗಿದರೆ ಅರ್ಥಿಂಗ್ ಕೆಲಸ ಮಾಡುವುದಿಲ್ಲ. ಕೊಟ್ಟಿಗೆಯ ಯಂತ್ರಗಳಿಗೂ ಇದೇ ಅರ್ಥಿಂಗ್ ಬೇಕು, ಹಸುವಿಗೆ ಶಾಕ್ ಹೊಡೆದು ಕಳೆದುಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನು ಸಿಡಿಲು. ನಮ್ಮ ಮೊದಲ ಕಂಪ್ಯೂಟರ್ ಹೋದದ್ದು ಯುಗಾದಿ ಕಳೆದ ಮೇಲಿನ ಒಂದು ಸಂಜೆ ಮಳೆಗೆ. ಸ್ವಿಚ್ ಆಫ್ ಮಾಡಿದ್ದೆವು, ಆದರೆ ಪ್ಲಗ್ ಕಿತ್ತಿರಲಿಲ್ಲ, ಇಂಟರ್ನೆಟ್ ತಂತಿಯೂ ಹಾಗೇ ಇತ್ತು. ಎರಡು ವರ್ಷದ ಹಾಲಿನ ಲೆಕ್ಕ, ಹಸುಗಳ ಗಬ್ಬದ ತಾರೀಖು, ಮಗಳ ಮದುವೆಯ ಫೋಟೋ ಎಲ್ಲ ಆ ಒಂದು ಸದ್ದಿಗೆ ಹೋದವು. ಏಪ್ರಿಲ್, ಮೇ ತಿಂಗಳಲ್ಲಿ ಮೋಡ ಕಟ್ಟಿದರೆ ಎಲ್ಲ ಪ್ಲಗ್ಗನ್ನೂ ಕಿತ್ತುಬಿಡಿ, ಇಂಟರ್ನೆಟ್ಟಿನ ತಂತಿಯನ್ನೂ. ಗುಡುಗು ತಲೆ ಮೇಲೆ ಬಂದಮೇಲೆ ಕೀಳಲು ಹೋಗಬೇಡಿ. ಆಗ ತಂತಿ ಮುಟ್ಟುವುದೇ ಅಪಾಯ.

ಮನೆ ಒಂದು, ಬೀಗ ಬೇರೆ ಬೇರೆ

ಒಂದೇ ಕಂಪ್ಯೂಟರಿನಲ್ಲಿ ಮನೆಯ ಒಬ್ಬೊಬ್ಬರಿಗೂ ಬೇರೆ ಖಾತೆ ಮಾಡಬಹುದು. ಇದನ್ನು ಬಹಳ ಮನೆಗಳಲ್ಲಿ ಮಾಡಿರುವುದಿಲ್ಲ. ಖಾತೆ ಅಂದರೆ ಒಂದೇ ಮನೆಯಲ್ಲಿ ನಿಮ್ಮದೇ ಆದ ಒಂದು ಕೋಣೆ. ನಿಮ್ಮ ಹೆಸರು ಒತ್ತಿ ನಿಮ್ಮ ಪಾಸ್‌ವರ್ಡ್ ಹಾಕಿದರೆ ನಿಮ್ಮ ಕಡತ, ನಿಮ್ಮ ಕನ್ನಡ, ನಿಮ್ಮ ದೊಡ್ಡ ಅಕ್ಷರ. ಮಗನ ಹೆಸರು ಒತ್ತಿದರೆ ಅವನದು. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್ ತೆರೆದು, ಅಕೌಂಟ್ಸ್ ಒತ್ತಿ, ಅದರ್ ಯೂಸರ್ಸ್ ಎಂಬಲ್ಲಿ ಹೊಸಬರನ್ನು ಸೇರಿಸಬಹುದು.

ಖಾತೆಯಲ್ಲಿ ಎರಡು ಬಗೆ. ಅಡ್ಮಿನಿಸ್ಟ್ರೇಟರ್ ಎಂಬುದು ಬೀಗದ ಕೈ ಗೊಂಚಲು ಸೊಂಟದಲ್ಲಿರುವ ಯಜಮಾನಿಕೆ. ಹೊಸ ಪ್ರೋಗ್ರಾಮ್ ಹಾಕಲು, ಬೇರೆಯವರ ಖಾತೆ ಅಳಿಸಲು ಅದೇ ಬೇಕು. ಸ್ಟ್ಯಾಂಡರ್ಡ್ ಎಂಬುದು ಬಳಸಲು ಮಾತ್ರ. ಮಕ್ಕಳಿಗೆ ಸ್ಟ್ಯಾಂಡರ್ಡ್ ಕೊಡಿ. ಆಗ ಪುಕ್ಕಟೆ ಆಟದ ಜೊತೆ ಬರುವ ವೈರಸ್ ಅಷ್ಟು ಸುಲಭಕ್ಕೆ ಒಳಗೆ ನುಗ್ಗುವುದಿಲ್ಲ. ಬೀಗದ ಕೈ ನಿಮ್ಮದಾಗಲಿ. “ನಿನಗೇನು ಗೊತ್ತಾಗುತ್ತೆ” ಎಂದು ಯಾರಾದರೂ ಅನ್ನಬಹುದು. ಮಾಡುವ ಕೆಲಸ ಮಗನೇ ಮಾಡಲಿ, ಪಾಸ್‌ವರ್ಡ್ ನೀವು ಒತ್ತಿ. ವಿಂಡೋಸ್ 11 ಮೊದಲ ಸಲ ಶುರುವಾಗುವಾಗ ಒಂದು ಇಮೇಲ್ ವಿಳಾಸ ಕೇಳುತ್ತದೆ. ಅಂಗಡಿಯವನು ತನ್ನದೇ ಹಾಕಿ ಕೊಟ್ಟುಬಿಡಬಾರದು, ನಿಮ್ಮ ಹೆಸರಿನಲ್ಲಿ, ನಿಮ್ಮ ಮೊಬೈಲ್ ನಂಬರಿಗೆ ಹೊಸ ಇಮೇಲ್ ಮಾಡಿಸಿ. ಪಾಸ್‌ವರ್ಡನ್ನು ಪುಸ್ತಕದಲ್ಲಿ ಬರೆದು ಬ್ಯಾಂಕ್ ಪಾಸ್‌ಬುಕ್ಕಿನ ಜೊತೆ ಬೀರುವಿನಲ್ಲಿಡಿ. ಮಾನಿಟರಿಗೆ ಚೀಟಿ ಅಂಟಿಸುವುದು ಬೇಡ.

ಕನ್ನಡದಲ್ಲಿ ಬರೆಯಲು ಇಂಗ್ಲಿಷ್ ಗೊತ್ತಿರಬೇಕಿಲ್ಲ, ಕೀಲಿಗಳ ಮೇಲಿನ ಅಕ್ಷರ ಗುರುತಿದ್ದರೆ ಆಯಿತು. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ಕ್ರಮವೇ ಕನ್ನಡ ಗಣಕ ಪರಿಷತ್ತಿನ ‘ನುಡಿ’ಯಲ್ಲಿರುವುದು. ಲಿನಕ್ಸಿನಲ್ಲಿ ಇದೇ ‘ಕಗಪ’ ಎಂಬ ಹೆಸರಿನಲ್ಲಿದೆ. ಹಾಲು ಎಂದು ಬರೆಯಲು ಎಚ್, ಶಿಫ್ಟ್ ಹಿಡಿದು ಎ, ಎಲ್, ಯು. ಹಸು ಎನ್ನಲು ಎಚ್, ಎಸ್, ಯು. ಒತ್ತಕ್ಷರಕ್ಕೆ ನಡುವೆ ಎಫ್. ಅಕ್ಕ ಎನ್ನಲು ಎ, ಕೆ, ಎಫ್, ಕೆ. ಇಷ್ಟು ತಿಳಿದರೆ ಮಿಕ್ಕದ್ದು ಎರಡು ಮಧ್ಯಾಹ್ನದಲ್ಲಿ ಕೈಗೆ ಬರುತ್ತದೆ. ಬರೆಯುವಾಗ ಯೂನಿಕೋಡ್ ಆರಿಸಿಕೊಳ್ಳಿ. ಹಳೆಯ ಫಾಂಟಿನಲ್ಲಿ ಬರೆದದ್ದು ಇನ್ನೊಬ್ಬರ ಕಂಪ್ಯೂಟರಿನಲ್ಲಿ ಅರ್ಥವಾಗದ ಗೀಟುಗಳಾಗಿ ಕಾಣುತ್ತದೆ.

ಮೊದಲು ಮಾಡಬೇಕಾದ ಲೆಕ್ಕ

ಲಿಬ್ರೆ ಆಫೀಸ್ ಎಂಬ ಉಚಿತ ಪ್ರೋಗ್ರಾಮಿನಲ್ಲಿ ಚೌಕ ಚೌಕದ ಹಾಳೆ ಇದೆ, ಕ್ಯಾಲ್ಕ್ ಎನ್ನುತ್ತಾರೆ. ಒಂದು ಹಾಳೆಯಲ್ಲಿ ತಾರೀಖು, ಬೆಳಗಿನ ಲೀಟರು, ಸಂಜೆಯ ಲೀಟರು, ಫ್ಯಾಟು, ಎಸ್‌ಎನ್‌ಎಫ್, ಹಣ, ಎದುರಿಗೆ ಬೂಸಾ, ಹಿಂಡಿ, ಔಷಧಿಯ ಖರ್ಚು. ತಿಂಗಳ ಕೊನೆಗೆ ಯಾವ ಹಸು ಸಾಕುತ್ತಿದೆ, ಯಾವ ಹಸುವನ್ನು ನಾವು ಸಾಕುತ್ತಿದ್ದೇವೆ ಎಂದು ಕಾಣುತ್ತದೆ.

ಇನ್ನೊಂದು ಹಾಳೆ ಹಸುಗಳಿಗೆ. ಕಿವಿಯೋಲೆಯ 12 ಅಂಕಿ, ಕೃತಕ ಗರ್ಭಧಾರಣೆ ಮಾಡಿಸಿದ ತಾರೀಖು. ಪಕ್ಕದ ಚೌಕದಲ್ಲಿ ಸಮ ಚಿಹ್ನೆ ಹಾಕಿ, ತಾರೀಖಿನ ಚೌಕವನ್ನು ಒತ್ತಿ, ಕೂಡುವ ಚಿಹ್ನೆ, 280 ಎಂದು ಬರೆದು ಎಂಟರ್ ಒತ್ತಿ. ಸೀಮೆಹಸು ಕರು ಹಾಕುವ ಅಂದಾಜು ದಿನ ತಾನಾಗಿ ಬರುತ್ತದೆ. 2026ರ ಜನವರಿ 10ಕ್ಕೆ ಮಾಡಿಸಿದ್ದರೆ ಅಕ್ಟೋಬರ್ 17. ಎಮ್ಮೆಗೆ 310 ಹಾಕಿ. ಅದೇ ರೀತಿ 21 ಕೂಡಿದರೆ ಜನವರಿ 31. ಆ ದಿನದ ಆಚೀಚೆ ಹಸು ಮತ್ತೆ ಬೆದೆಗೆ ಬರುತ್ತದೆಯೇ ಎಂದು ಕಣ್ಣಿಡಬೇಕು. ಕರು ಹಾಕುವ ದಿನದಿಂದ 60 ಕಳೆದರೆ ಆಗಸ್ಟ್ 18, ಅಷ್ಟರಲ್ಲಿ ಹಾಲು ಬತ್ತಿಸಬೇಕು. ಗೋಡೆಯ ಕ್ಯಾಲೆಂಡರಿನಲ್ಲಿ ಬರೆದದ್ದು ವರ್ಷ ಕಳೆದ ಕೂಡಲೇ ಕ್ಯಾಲೆಂಡರಿನ ಜೊತೆ ಒಲೆಗೆ ಹೋಗುತ್ತದೆ. ಈ ಹಾಳೆ ಹಾಗಲ್ಲ. ಮುಂದೊಂದು ದಿನ ಹಸು ಮಾರುವಾಗ ಮೂರು ಸೂಲಿನ ಲೆಕ್ಕ ತೋರಿಸಿದರೆ ದಲ್ಲಾಳಿ ಬಾಯಿ ಮುಚ್ಚುತ್ತಾನೆ.

ಇದಾದ ಮೇಲೆ ಬ್ಯಾಂಕು. ಹಾಲಿನ ಹಣ ನಿಮ್ಮ ಹೆಸರಿನ ಖಾತೆಗೆ ಬರುತ್ತದೆ, ಸರಿ. ಆ ಖಾತೆಗೆ ಜೋಡಿಸಿದ ಮೊಬೈಲ್ ನಂಬರ್ ಯಾರದು? ಗಂಡನದೋ ಮಗನದೋ ಆಗಿದ್ದರೆ ಹಣ ಬಂದ ಸುದ್ದಿ ಮೊದಲು ಅವರಿಗೆ, ಒಟಿಪಿ ಅವರಿಗೆ. ಕಂಪ್ಯೂಟರಿನಲ್ಲಿ ಖಾತೆ ತೆರೆಯಲು ಆ ಒಟಿಪಿಯೇ ಬೇಕು. ಅಂದಮೇಲೆ ನಿಮ್ಮ ಖಾತೆ ನೋಡಲು ನೀವೇ ಅವರನ್ನು ಕೇಳಬೇಕಾಗುತ್ತದೆ. ಮನೆಯಲ್ಲಿ ಜಗಳವಾಡಬೇಕಿಲ್ಲ. “ಕಂಪ್ಯೂಟರ್ ಬಂದಿದೆ, ಲೆಕ್ಕ ನಾನೇ ನೋಡ್ತೀನಿ” ಎಂದು ಹೇಳಿ ಆಧಾರ್, ಪಾಸ್‌ಬುಕ್ ಹಿಡಿದು ಶಾಖೆಗೆ ಹೋಗಿ ನಂಬರ್ ಬದಲಿಸುವ ಅರ್ಜಿ ಕೊಡಿ. ಮೊದಲ ಕೆಲವು ತಿಂಗಳು ಯಾರಿಗೂ ಹಣ ಕಳಿಸುವುದು ಬೇಡ, ಬಂದದ್ದನ್ನು ನೋಡುವುದಷ್ಟೇ. ಡೇರಿಯ ಬಟವಾಡೆ ಒಂದು ಸಾಲು. ಸರ್ಕಾರ ಲೀಟರಿನ ಲೆಕ್ಕದಲ್ಲಿ ಕೊಡುವ ಪ್ರೋತ್ಸಾಹಧನ ಬೇರೆ ಸಾಲು, ಅದು ನೇರ ಖಾತೆಗೆ, ಎಷ್ಟೋ ಸಲ ತಡವಾಗಿ ಬರುತ್ತದೆ. ಎರಡನ್ನೂ ನಿಮ್ಮ ಹಾಳೆಯ ಲೀಟರಿನ ಜೊತೆ ತಾಳೆ ನೋಡಿ. ವ್ಯತ್ಯಾಸ ಕಂಡರೆ ಸಂಘದಲ್ಲಿ ತಾರೀಖು ಸಮೇತ ಕೇಳಬಹುದು. ಪಹಣಿಯನ್ನೂ ಭೂಮಿ ಜಾಲತಾಣದಲ್ಲಿ ನೀವೇ ನೋಡಬಹುದು. ಜಮೀನಿನಲ್ಲಿ ನಿಮ್ಮ ಹೆಸರಿದೆಯೇ ಎಂದು ಒಮ್ಮೆ ನೋಡಿದರೆ ತಪ್ಪೇನಿಲ್ಲ.

ಬ್ಯಾಂಕಿನ ಪುಟದಲ್ಲಿ “ಪಾಸ್‌ವರ್ಡ್ ಉಳಿಸಲೇ” ಎಂದು ಕಂಪ್ಯೂಟರ್ ಕೇಳಿದರೆ ಬೇಡ ಎನ್ನಿ. ಕರು ಕೂಗಿತೆಂದು ನಡುವೆ ಏಳಬೇಕಾದರೆ ವಿಂಡೋಸ್ ಗುರುತಿನ ಕೀಲಿ ಹಿಡಿದು ಎಲ್ ಒತ್ತಿ, ಪರದೆಗೆ ಬೀಗ ಬೀಳುತ್ತದೆ. “ನಿಮ್ಮ ಕಂಪ್ಯೂಟರಿಗೆ ವೈರಸ್ ಬಂದಿದೆ, ಈ ನಂಬರಿಗೆ ಫೋನ್ ಮಾಡಿ” ಎಂದು ಪರದೆ ತುಂಬ ಕೆಂಪಗೆ ಬಂದರೆ ಅದು ಮೋಸ, ಫೋನ್ ಮಾಡಬೇಡಿ, ಆಫ್ ಮಾಡಿ. ಬ್ಯಾಂಕಿನವರು, ಒಕ್ಕೂಟದವರು ಯಾರೂ ಒಟಿಪಿ ಕೇಳುವುದಿಲ್ಲ. ಹಣ ಹೋಗೇ ಹೋಯಿತು ಎಂದಾದರೆ ನಾಚಿಕೆಪಟ್ಟು ಎರಡು ದಿನ ಸುಮ್ಮನಿರಬೇಡಿ, ತಕ್ಷಣ 1930ಕ್ಕೆ ಫೋನ್ ಮಾಡಿ. ಬೇಗ ತಿಳಿಸಿದಷ್ಟೂ ಹಣ ಮುಂದೆ ಸಾಗದಂತೆ ತಡೆಯುವ ಅವಕಾಶ ಹೆಚ್ಚು.

ಇನ್ನೊಂದು ಸಣ್ಣ ಖರ್ಚು, ಒಂದು ಪೆನ್ ಡ್ರೈವ್. ಬಟವಾಡೆಯ ದಿನ ಲೆಕ್ಕದ ಹಾಳೆಗಳನ್ನೂ ಹೊಸ ಫೋಟೋಗಳನ್ನೂ ಅದಕ್ಕೆ ನಕಲು ಮಾಡಿ, ಕಂಪ್ಯೂಟರಿನಿಂದ ಕಿತ್ತು, ಬೀರುವಿನಲ್ಲಿ ಪಾಸ್‌ಬುಕ್ಕು, ಬಿಲ್ಲು ಇಟ್ಟಿರುವ ಡಬ್ಬಿಗೆ ಹಾಕಿ. ಕಂಪ್ಯೂಟರಿಗೆ ಸಿಕ್ಕಿಸಿಯೇ ಬಿಟ್ಟರೆ ಸಿಡಿಲು ಬಡಿದಾಗ ಎರಡೂ ಒಟ್ಟಿಗೆ ಹೋಗುತ್ತವೆ.